ಅನ್‌ಲಿಮಿಟೆಡ್ ಅಂತೆ! ಬೆಳಗ್ಗೆ 11ಕ್ಕೇ ನೆಟ್ ವೇಗ 64 ಕೆಬಿಪಿಎಸ್‌ಗೆ ಇಳಿಸಿದರು. ನಿಮಗೂ ಹೀಗೇನಾ?

ವಿಜಯನಗರದವ · ಮಂಗಳವಾರ, ಮಧ್ಯಾಹ್ನ 1:05

ಮೊದಲೇ ಹೇಳಿಬಿಡುತ್ತೇನೆ, ಕಂಪನಿ ಹೆಸರು ಹಾಕಲ್ಲ. ಹಾಕಿದರೆ "ನಮ್ಮದು ಚೆನ್ನಾಗಿದೆ, ನೀವೇ ಬದಲಾಯಿಸಿ" ಅಂತ ಅರ್ಧ ಜನ ಜಗಳಕ್ಕೆ ಬರುತ್ತಾರೆ.

ನನ್ನದು 84 ದಿನದ ಪ್ಲಾನ್. ದಿನಕ್ಕೆ 2 ಜಿಬಿ, ಜೊತೆಗೆ "ಅನ್‌ಲಿಮಿಟೆಡ್ 5ಜಿ". ಇವತ್ತು ಬೆಳಗ್ಗೆ 9ಕ್ಕೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಸಂಜೆಯವರೆಗೆ ಬರಲ್ಲ ಅಂತ ಮೊದಲೇ ಮೆಸೇಜ್ ಬಂದಿತ್ತು. ವೈಫೈ ಸತ್ತುಹೋಯಿತು. ಪರವಾಗಿಲ್ಲ, ಅನ್‌ಲಿಮಿಟೆಡ್ ಇದೆಯಲ್ಲ ಅಂದುಕೊಂಡು ಫೋನಿನಿಂದ ಹಾಟ್‌ಸ್ಪಾಟ್ ಹಾಕಿದೆ. ಒಳಗಿನ ರೂಮಿನಲ್ಲಿ ಕೂತು ಆಫೀಸ್ ಕೆಲಸ ಶುರು ಮಾಡಿದೆ. 10:20ಕ್ಕೆ "50 ಪರ್ಸೆಂಟ್ ಡೇಟಾ ಮುಗಿದಿದೆ" ಅಂತ ಮೆಸೇಜ್. ಮೀಟಿಂಗಿನಲ್ಲಿದ್ದೆ, ನೋಡಲಿಲ್ಲ. 11:10ಕ್ಕೆ 100 ಪರ್ಸೆಂಟ್. ವಿಡಿಯೋದಲ್ಲಿ ನನ್ನ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತಂತೆ. ಯಾರೋ ಅದರ ಫೋಟೋ ತೆಗೆದು ಆಫೀಸ್ ಗುಂಪಿಗೆ ಹಾಕಿದ್ದಾರೆ. ಎಲ್ಲರೂ ನಗುತ್ತಿದ್ದಾರೆ. ನನಗೆ ಮಾತ್ರ ಅದು ಇನ್ನೂ ಡೌನ್‌ಲೋಡ್ ಆಗಿಲ್ಲ.

ತಲೆಕೆಟ್ಟು ಮೂಲೆಯ ದರ್ಶಿನಿಗೆ ಹೋದೆ. ಕಾಂಪ್ಲೆಕ್ಸಿನ ಕೆಳಗಿದೆ, ಅರ್ಧ ನೆಲಮಾಳಿಗೆ ಅನ್ನಿ. ಒಂದು ಖಾಲಿ ದೋಸೆ, ಒಂದು ಕಾಫಿ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಗಲ್ಲಾದ ಮೇಲಿನ ಡಬ್ಬಿ ಪಕ್ಕದವರ 45 ರೂಪಾಯಿ ಬಂತು ಅಂತ ಕೂಗಿತು. ಅವರ ಹಿಂದಿನವರ 120 ಬಂತು ಅಂತ ಕೂಗಿತು. ನನ್ನ ಸರದಿಗೆ ಮಾತ್ರ ಬಾಯಿಗೆ ಬೀಗ. ಗಲ್ಲಾದವರು ಮರ್ಯಾದೆಯಿಂದಲೇ "ಸಾರ್, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ತೀರಾ" ಅಂದರು. ಸಾಲ ಕೇಳೋಕೆ ಬಂದವನ ಹಾಗೆ ಪಕ್ಕಕ್ಕೆ ನಿಂತೆ. ಕೊನೆಗೆ ಪರ್ಸಿನ ಮೂಲೆಯಲ್ಲಿ ಮಡಚಿಟ್ಟಿದ್ದ ನೂರರ ನೋಟು ಮಾನ ಉಳಿಸಿತು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಹುಡುಗಿ ಪಾಪ, ಬರೆದುಕೊಟ್ಟಿದ್ದನ್ನು ಓದುತ್ತಾಳೆ. "ಸರ್, ನಿಮ್ಮ ಡೇಟಾ ನಿಂತಿಲ್ಲ. ವೇಗ ಮಾತ್ರ 64 ಕೆಬಿಪಿಎಸ್ ಆಗಿದೆ." 64ರಲ್ಲಿ ಏನು ಮಾಡಬಹುದಮ್ಮಾ ಅಂತ ಕೇಳಿದೆ. ಎರಡು ಸೆಕೆಂಡ್ ಮಾತಿಲ್ಲ. ಆಮೇಲೆ "ಬ್ರೌಸಿಂಗ್ ಮಾಡಬಹುದು ಸರ್" ಅಂದಳು. ಅವಳಿಗೂ ನಗು ತಡೆಯೋಕೆ ಕಷ್ಟವಾಗಿತ್ತು ಅನಿಸುತ್ತೆ. ಎಕ್ಸ್‌ಟ್ರಾ ಡೇಟಾ ಪ್ಯಾಕ್ ಹಾಕಿಸಿಕೊಳ್ಳಿ, ನಮ್ಮ ಆ್ಯಪ್‌ನಲ್ಲೇ ಇದೆ ಅಂದಳು. ಆ್ಯಪ್ ತೆರೆದುಕೊಳ್ಳುತ್ತಿಲ್ಲ. ಯಾಕೆ ಅಂತ ನೀವೇ ಹೇಳಿ.

ಅನ್‌ಲಿಮಿಟೆಡ್ 5ಜಿ ಅಂತ ದುಡ್ಡು ಕೊಟ್ಟವನಿಗೆ 64 ಹೇಗೆ ಬಂತು? ದೂರು ಕೊಟ್ಟರೆ ಏನಾದರೂ ಉಪಯೋಗ ಇದೆಯಾ? ಇದನ್ನು ಈಗ ಕರೆಂಟ್ ಇರುವ ಪಕ್ಕದ ಬೀದಿಯ ಸ್ನೇಹಿತನ ಮನೆಯಿಂದ ಬರೆಯುತ್ತಿದ್ದೇನೆ.

ಬೈಟು ಕಾಫಿ · 1:18

ಆ ಬಾಯಿ ತೆರೆದ ಫೋಟೋ ಇಲ್ಲೂ ಹಾಕಿ ಸಾರ್. ಅವಸರ ಇಲ್ಲ, ನಾಳಿದ್ದು ಡೌನ್‌ಲೋಡ್ ಆದಮೇಲೆ ಹಾಕಿ.

ಪಿಜಿ 3ನೇ ಮಹಡಿ · 1:31

ಬಿಟಿಎಂನಲ್ಲಿ ನಮ್ಮ ಪಿಜಿಗೆ ಬನ್ನಿ ಸರ್. ವೈಫೈ ಇದೆ ಅಂತ ಬೋರ್ಡ್ ಇದೆ. ಬೋರ್ಡ್ ಮಾತ್ರ ಇದೆ. ಎಲ್ಲರೂ 1.5 ಜಿಬಿ ಪ್ಲಾನಿನವರು. ರಾತ್ರಿ 9ರೊಳಗೆ ಎಲ್ಲರದ್ದೂ ಖಾಲಿ. ಆಮೇಲೆ ಮಹಡಿ ಪೂರ್ತಿ ಹನ್ನೆರಡಕ್ಕೆ ಕಾಯುತ್ತಾ ಕೂರುತ್ತೆ. ಕೇರಂ ಆಡುತ್ತೇವೆ. 11:59ಕ್ಕೆ ಆಟ ನಿಲ್ಲುತ್ತೆ. 12 ಹೊಡೆದ ತಕ್ಷಣ ಹದಿನಾಲ್ಕು ರೂಮಿನಿಂದ ಒಟ್ಟಿಗೆ ರೀಲ್ಸ್ ಸದ್ದು. ನ್ಯೂ ಇಯರ್ ಥರ, ಆದರೆ ದಿನಾ.

2ಜಿ ಕಾಲದವ · 1:50

ನಾನು ಉಲ್ಟಾ ಮಾತಾಡುತ್ತೇನೆ, ಬೈಯಿರಿ.

2016ಕ್ಕೆ ಮುಂಚೆ 1 ಜಿಬಿ 3ಜಿ ಡೇಟಾಗೆ 250 ರೂಪಾಯಿ ಹತ್ತಿರ ಕೊಡುತ್ತಿದ್ದೆವು. ಅದೂ ಒಂದು ತಿಂಗಳಿಗೆ! ಫೋಟೋ ತೆರೆಯುವ ಮುಂಚೆ ಎರಡು ಸಲ ಯೋಚನೆ ಮಾಡುತ್ತಿದ್ದೆವು. ಆ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, ಫ್ರೀ ಕೊಟ್ಟಿತು, ಬೇರೆಯವರೂ ಬೆಲೆ ಇಳಿಸಿದರು. ಈಗ ದಿನಕ್ಕೆ 2 ಜಿಬಿ ಸಿಗುತ್ತೆ, ಅದೂ ಸಾಲದು ಅಂತೀರಿ. ಮಿತಿ ಇಲ್ಲದಿದ್ದರೆ ನಾಲ್ಕು ಜನ ಹಗಲೂ ರಾತ್ರಿ ಸಿನಿಮಾ ಎಳೆದು ಕೂರುತ್ತಾರೆ, ಮಿಕ್ಕವರಿಗೆ ಫೋನೂ ಹೋಗಲ್ಲ. ಮದುವೆ ಊಟದಲ್ಲಿ ಯಾರೂ ಮಿತಿ ಹೇಳಲ್ಲ. ಹಾಗಂತ ಡಬ್ಬಿ ತಂದು ತುಂಬಿಕೊಂಡು ಹೋಗಕ್ಕಾಗುತ್ತಾ?

ಅಮ್ಮನ ಐಟಿ ವಿಭಾಗ · 2:06

ಮದುವೆ ಊಟದಲ್ಲಿ ಎರಡನೇ ಹೋಳಿಗೆ ಕೇಳಿದರೆ ಯಾರೂ ಎಲೆ ಎತ್ತಿಕೊಂಡು ಹೋಗಲ್ಲ ಸರ್. 🙂

ನನಗೆ ಇದು ಕಾವೇರಿ ನೀರಿನ ಥರ ಕಾಣುತ್ತೆ. ನಮ್ಮ ಏರಿಯಾಗೆ ದಿನ ಬಿಟ್ಟು ದಿನ ಬಿಡುತ್ತಾರೆ. ಬೇಜಾರಿದೆ, ಆದರೆ ಬಂದಾಗ ಸಂಪ್ ತುಂಬಿಸಿ ಇಟ್ಟುಕೊಳ್ಳಬಹುದು. ಉಳಿದಿದ್ದು ನನ್ನದೇ. ಈ 2 ಜಿಬಿ ಹಾಗಲ್ಲ. ನಮ್ಮ ಅಮ್ಮ ದಿನಕ್ಕೆ 200 ಎಂಬಿ ಬಳಸಿದರೆ ಹೆಚ್ಚು. ಮಿಕ್ಕಿದ್ದು ಹನ್ನೆರಡಕ್ಕೆ ಚರಂಡಿಗೆ. ತಿಂಗಳಲ್ಲಿ ಒಂದು ದಿನ ಅಕ್ಕನ ಮಗಳ ಜೊತೆ ಎರಡು ಗಂಟೆ ವಿಡಿಯೋ ಕಾಲ್ ಮಾಡಿ ಮಿತಿ ದಾಟಿದರೆ ಆ ದಿನ 64. ಉಳಿಸಿದ್ದಕ್ಕೆ ಲೆಕ್ಕವಿಲ್ಲ, ಮೀರಿದ್ದಕ್ಕೆ ಲೆಕ್ಕ. ನಮ್ಮ ಅಮ್ಮನಿಗೆ ಇದನ್ನು ವಿವರಿಸೋಕೆ ಹೋಗಿ ಸೋತಿದ್ದೇನೆ. "ಅನ್‌ಲಿಮಿಟೆಡ್ ಅಂದ್ರೆ ಮುಗಿಯದ್ದು ಅಂತ ಅಲ್ವೇನೇ?" ಅಂತ ಕೇಳುತ್ತಾರೆ. ಹೌದಮ್ಮ, ಅದೇ ಅರ್ಥ. ಅರ್ಥ ಸರಿಯಾಗಿದೆ, ಪ್ಲಾನ್ ತಪ್ಪಾಗಿದೆ.

ಟವರ್ ಕಾಗೆ · 2:40

ನಾನು ಈ ಲೈನಿನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವನು. ಈಗ ಬಿಟ್ಟಿದ್ದೇನೆ, ಹಾಗಾಗಿ ಧೈರ್ಯ.

ಮೊದಲು ಲೆಕ್ಕ ನೋಡಿ. 64 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 8 ಕೆಬಿ. 1 ಎಂಬಿಗೆ ಎರಡು ನಿಮಿಷ. ಮದುವೆ ಕರೆಯೋಲೆಯ ಪಿಡಿಎಫ್ 5 ಎಂಬಿ ಇದ್ದರೆ ಹತ್ತು ನಿಮಿಷ ದಾಟುತ್ತೆ. ಈಗ ತಮಾಷೆ ಕೇಳಿ. 24 ಗಂಟೆ, ಒಂದು ಕ್ಷಣವೂ ಬಿಡದೆ, 64ರಲ್ಲಿ ಎಳೆಯುತ್ತಲೇ ಇದ್ದರೂ ದಿನಕ್ಕೆ 690 ಎಂಬಿ ಚಿಲ್ಲರೆ ಸಿಗುತ್ತೆ. ಅಂದರೆ ದಿನಕ್ಕೆ 2 ಜಿಬಿಯ "ಅನ್‌ಲಿಮಿಟೆಡ್" 4ಜಿಯ ನಿಜವಾದ ಹೆಸರು ದಿನಕ್ಕೆ 2.7 ಜಿಬಿ ಪ್ಲಾನ್. ಅದಕ್ಕಿಂತ ಒಂದು ಹನಿ ಜಾಸ್ತಿ ಬರಲ್ಲ. ಗಡಿಯಾರವೇ ಲಿಮಿಟ್.

ಉಲ್ಟಾ ಲೆಕ್ಕವೂ ಇದೆ. 100 ಎಂಬಿಪಿಎಸ್ (1 ಎಂಬಿಪಿಎಸ್ ಅಂದರೆ 1000 ಕೆಬಿಪಿಎಸ್) ವೇಗ ಸಿಕ್ಕರೆ 2 ಜಿಬಿ ಮೂರು ನಿಮಿಷದೊಳಗೆ ಖಾಲಿ. ವೇಗ ಹೆಚ್ಚಿದಷ್ಟೂ ಕೋಟಾ ಬೇಗ ಮುಗಿಯುತ್ತೆ. ವಿಡಿಯೋ ಆ್ಯಪ್‌ಗಳು ವೇಗ ಕಂಡ ತಕ್ಷಣ ತಾವೇ ಕ್ವಾಲಿಟಿ ಏರಿಸಿಕೊಳ್ಳುತ್ತವೆ, ನಿಮ್ಮನ್ನು ಕೇಳಲ್ಲ.

ಇನ್ನೊಂದು. ಇದನ್ನು ಟವರ್ ಮಾಡಲ್ಲ. ನಿಮ್ಮದು ಯಾವ ಪ್ಲಾನ್ ಅಂತ ಟವರ್‌ಗೆ ಗೊತ್ತೇ ಇರಲ್ಲ. ಕಂಪನಿಯ ಒಳಗಿನ ಕೋರ್ ನೆಟ್‌ವರ್ಕಿನಲ್ಲಿ ಪ್ರತಿ ನಂಬರಿಗೂ ಒಂದು ನಿಯಮ ಕೂತಿರುತ್ತೆ. ಕೋಟಾ ಮುಗಿದ ಕ್ಷಣ ಆ ನಿಯಮ ಬದಲಾಗುತ್ತೆ. ಅದಕ್ಕೇ ಫೋನಿನಲ್ಲಿ ಸಿಗ್ನಲ್ ಕಡ್ಡಿ ಎಲ್ಲವೂ ತುಂಬಿದ್ದರೂ ಏನೂ ಬರಲ್ಲ. ಜನಜಂಗುಳಿಯ ತೊಂದರೆ ಬೇರೆ. ಮ್ಯಾಚ್ ದಿನ ಚಿನ್ನಸ್ವಾಮಿ ಹತ್ತಿರ, ಸಂಜೆ ಮೆಜೆಸ್ಟಿಕ್ ಮೆಟ್ರೋ ಒಳಗೆ ವೇಗ ಏರುತ್ತೆ, ಇಳಿಯುತ್ತೆ, ಒಮ್ಮೆ 3 ಎಂಬಿಪಿಎಸ್ ಬರುತ್ತೆ, ಒಮ್ಮೆ 0.5. ಕೋಟಾ ಮುಗಿದಿದ್ದರೆ ಗೆರೆ ಎಳೆದ ಹಾಗೆ 64 ಕೆಬಿಪಿಎಸ್, ಎಲ್ಲಿ ಹೋದರೂ 64. ಎರಡನ್ನೂ ಒಂದೇ ಅಂದುಕೊಂಡು ಜನ ದೂರು ಕೊಡುತ್ತಾರೆ. ದೂರು ಬಿದ್ದುಹೋಗುತ್ತೆ.

ವಿಜಯನಗರದವರೇ, ಒಂದು ಪ್ರಶ್ನೆ. ಒಳಗಿನ ರೂಮಿನಲ್ಲಿ ಕೂತಿದ್ದೆ ಅಂದಿರಲ್ಲ, ಫೋನಿನ ಮೇಲೆ ಆಗ 5ಜಿ ಅಂತ ಇತ್ತಾ, 4ಜಿ ಅಂತ ಇತ್ತಾ?

ವಿಜಯನಗರದವ · 2:52

ನೋಡಲಿಲ್ಲ. ಯಾಕೆ? ಫೋನ್ 5ಜಿ, ಸಿಮ್ 5ಜಿ, ಪ್ಲಾನ್ 5ಜಿ.

ಟವರ್ ಕಾಗೆ · 3:10

ಮನೆ 5ಜಿ ಅಲ್ಲವಲ್ಲ!

"ಅನ್‌ಲಿಮಿಟೆಡ್ 5ಜಿ" ಅಂದರೆ ಫೋನ್ 5ಜಿಯಲ್ಲಿ ನಿಂತಿರುವಷ್ಟು ಹೊತ್ತು ಮಾತ್ರ ಲೆಕ್ಕ ಇಲ್ಲ. 4ಜಿಗೆ ಇಳಿದ ತಕ್ಷಣ ನಿಮ್ಮ 2 ಜಿಬಿ ಕರಗೋಕೆ ಶುರು. 5ಜಿಯ ಮುಖ್ಯ ತರಂಗಾಂತರ 3.3 ಗಿಗಾಹರ್ಟ್ಸ್ ಮೇಲಿದೆ. ಗೋಡೆ ದಾಟೋದು ಅದಕ್ಕೆ ಕಷ್ಟ. ಎರಡು ಗೋಡೆ, ಮೇಲೆ ಕಾಂಕ್ರೀಟ್, ಪಕ್ಕದಲ್ಲಿ ಒಂದಡಿ ಬಿಟ್ಟು ಇನ್ನೊಂದು ಮನೆ. ವಿಜಯನಗರದ ಮೂವತ್ತು ನಲವತ್ತರ ಸೈಟಲ್ಲವಾ? ಒಳಗಿನ ರೂಮಿಗೆ ಬರೋದು 4ಜಿಯೇ. ಫೋನ್ ಸದ್ದಿಲ್ಲದೆ ಬದಲಾಯಿಸುತ್ತೆ, ಒಂದು ಬೀಪ್ ಕೂಡ ಇಲ್ಲ.

ಆ ದರ್ಶಿನಿಯೂ ಅರ್ಧ ನೆಲಮಾಳಿಗೆ ಅಂದಿರಿ. ಹತ್ತು ಹೆಜ್ಜೆ ಹೊರಗೆ ಫುಟ್‌ಪಾತ್‌ಗೆ ಬಂದಿದ್ದರೆ ಬಹುಶಃ 5ಜಿ ಸಿಕ್ಕಿ ದೋಸೆ ದುಡ್ಡು ಹೋಗುತ್ತಿತ್ತು. ಯುಪಿಐಗೆ ಬೇಕಾದ ಡೇಟಾ ತುಂಬಾ ಕಡಿಮೆ, 64ರಲ್ಲೂ ಹೋಗಬೇಕು. ಆದರೆ ಅದೇ ಕಿರಿದಾದ ಪೈಪಿನಲ್ಲಿ ಫೋಟೋ ಬ್ಯಾಕಪ್, ಮೇಲ್, ಹತ್ತು ವಾಟ್ಸ್ಆ್ಯಪ್ ಗುಂಪು ಎಲ್ಲವೂ ನುಗ್ಗುತ್ತಿರುತ್ತವೆ. ನಿಮ್ಮ ದೋಸೆ ದುಡ್ಡು ಅವುಗಳ ಹಿಂದೆ ಕ್ಯೂ ನಿಂತಿತ್ತು. ಮುಂದಿನ ಸಲಕ್ಕೆ: ಬ್ಯಾಕ್‌ಗ್ರೌಂಡ್ ಡೇಟಾ ಆಫ್ ಮಾಡಿ. ಏನೂ ಆಗದಿದ್ದರೆ *99# ಇದೆ, ಇಂಟರ್ನೆಟ್ ಇಲ್ಲದೆಯೇ ಯುಪಿಐ ಹೋಗುತ್ತೆ. ನೆನಪಿರಬೇಕಷ್ಟೆ, ಯಾರಿಗೂ ಇರಲ್ಲ.

ಬೈಟು ಕಾಫಿ · 3:14

ಹಾಗಾದರೆ ಇದು ಅನ್‌ಲಿಮಿಟೆಡ್ 5ಜಿ ಅಲ್ಲ. ಅನ್‌ಲಿಮಿಟೆಡ್ ಬಾಲ್ಕನಿ.

ಎರಡು ಚಕ್ರ · 4:35

ನೀವೆಲ್ಲ ಮೀಟಿಂಗ್ ಮೀಟಿಂಗ್ ಅಂತಿದ್ದೀರಿ. ನನ್ನದು ಡೆಲಿವರಿ ಕೆಲಸ, ಹೆಚ್ಚಾಗಿ ಜೆಪಿ ನಗರ, ಬನ್ನೇರುಘಟ್ಟ ರಸ್ತೆ. ಫೋನ್ 4ಜಿ. 1.5 ಜಿಬಿ ಪ್ಲಾನ್. ಬೆಳಗ್ಗೆಯಿಂದ ಮ್ಯಾಪ್ ಆನ್, ಕೆಲಸದ ಆ್ಯಪ್ ಎರಡು ಆನ್. ಅವು ಅಷ್ಟೇನೂ ತಿನ್ನಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಮಗ ಫೋನ್ ಕಿತ್ತುಕೊಳ್ಳುತ್ತಾನೆ. ಕಾರ್ಟೂನ್. ಮುಕ್ಕಾಲು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತೆ. ಬೇಡ ಅನ್ನೋಕೆ ಮನಸ್ಸು ಬರಲ್ಲ, ಅವನ ಜೊತೆ ಇರೋದೇ ಅಷ್ಟು ಹೊತ್ತು.

ರಾತ್ರಿ 8ಕ್ಕೆ, ಆರ್ಡರ್ ಜಾಸ್ತಿ ಬರೋ ಹೊತ್ತಿಗೆ, 64. ಮ್ಯಾಪಿನಲ್ಲಿ ನನ್ನ ಚುಕ್ಕಿ ಹಿಂದಿನ ಸಿಗ್ನಲ್‌ನಲ್ಲೇ ನಿಂತಿರುತ್ತೆ. ನಾನು ಮನೆ ಬಾಗಿಲಲ್ಲಿ ನಿಂತಿರುತ್ತೇನೆ, ಕಸ್ಟಮರ್ ಫೋನ್ ಮಾಡಿ "ಅಲ್ಲೇ ಯಾಕೆ ನಿಂತಿದ್ದೀರಾ" ಅಂತ ಬೈಯುತ್ತಾರೆ. ತಲುಪಿಸಿದ್ದೇನೆ ಅಂತ ಒತ್ತಿದರೆ ಹೋಗಲ್ಲ. ಮುಂದಿನ ಆರ್ಡರ್ ಬರಲ್ಲ. ಡೇಟಾ ಪ್ಯಾಕ್ 20 ರೂಪಾಯಿ ಆಸುಪಾಸು. ದಿನಾ ಹಾಕಿದರೆ ತಿಂಗಳಿಗೆ 600. ಅದು ಮೇನ್ ರೀಚಾರ್ಜ್‌ಗಿಂತ ಜಾಸ್ತಿ.

2ಜಿ ಕಾಲದವ · 4:50

ಎರಡು ಚಕ್ರ ಅವರೇ, ನಿಮ್ಮ ಮಾತು ಒಪ್ಪುತ್ತೇನೆ. ನಾನು ಸಿನಿಮಾ ನೋಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೆ.

ರೀಚಾರ್ಜ್ ಅಂಗಡಿ · 5:20

ಶ್ರೀರಾಮಪುರದಲ್ಲಿ ನಮ್ಮದು ಸಣ್ಣ ಅಂಗಡಿ. ಎಲ್ಲರೂ ಆ್ಯಪ್‌ನಲ್ಲಿ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೀರೇನೋ. ದಿನಕ್ಕೆ ನಲವತ್ತು ಜನ ಈಗಲೂ ಬರುತ್ತಾರೆ. "ಅಣ್ಣ, ಅನ್‌ಲಿಮಿಟೆಡ್ ಹಾಕಿ." ಇಷ್ಟೇ ಮಾತು. ಯಾವ ಅನ್‌ಲಿಮಿಟೆಡ್ ಅಂತ ಕೇಳಿದರೆ ವಿಚಿತ್ರವಾಗಿ ನೋಡುತ್ತಾರೆ. ಅನ್‌ಲಿಮಿಟೆಡ್‌ನಲ್ಲಿ ಎಷ್ಟು ಥರ ಇರೋಕೆ ಸಾಧ್ಯ, ಅಲ್ವಾ?

ನಿಜ ಏನಂದರೆ ಅನ್‌ಲಿಮಿಟೆಡ್ ಇರೋದು ಫೋನ್ ಮಾತಿಗೆ. ಡೇಟಾ ದಿನದ ಲೆಕ್ಕ. ಪೋಸ್ಟರಿನಲ್ಲಿ ಎರಡೂ ಒಂದೇ ಸಾಲಿನಲ್ಲಿ, ಒಂದೇ ದಪ್ಪ ಅಕ್ಷರದಲ್ಲಿ ಇರುತ್ತವೆ. ನಕ್ಷತ್ರದ ಗುರುತು ಕೆಳಗೆ ಮೂಲೆಯಲ್ಲಿ. ನಾನೇ ಕನ್ನಡಕ ಹಾಕಿ ಓದಬೇಕು.

2024ರ ಜುಲೈ ಆರಂಭದಲ್ಲಿ ಎಲ್ಲರೂ ಬೆಲೆ ಏರಿಸಿದರಲ್ಲ, ಆಗ ಇನ್ನೊಂದು ಬದಲಾವಣೆ ಆಯಿತು. ಜಿಯೋ, ಏರ್‌ಟೆಲ್ ಎರಡೂ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ದೊಡ್ಡ ಪ್ಲಾನ್‌ಗಳಿಗೆ ಸೀಮಿತ ಮಾಡಿದವು. ಜಿಯೋದಲ್ಲಿ 239 ಇದ್ದ 1.5 ಜಿಬಿ ಪ್ಲಾನ್ 299 ಆಯಿತು, ಜೊತೆಗೆ ಅದರ 5ಜಿಯೂ ಹೋಯಿತು. ಬೆಲೆ ಏರಿದ್ದು ಎಲ್ಲರಿಗೂ ಗೊತ್ತಾಯಿತು. 5ಜಿ ಹೋಗಿದ್ದು ಎಷ್ಟೋ ಜನಕ್ಕೆ ಗೊತ್ತಾಗಲೇ ಇಲ್ಲ. ಒಂದು ವಾರ ಆದಮೇಲೆ "ನಿಮ್ಮ ಅಂಗಡಿ ರೀಚಾರ್ಜ್ ಸರಿಯಿಲ್ಲ" ಅಂತ ನನ್ನ ಹತ್ತಿರ ಜಗಳಕ್ಕೆ ಬಂದರು. ಒಬ್ಬ ಅಜ್ಜ ಫೋನನ್ನೇ ಕೌಂಟರ್ ಮೇಲೆ ಬಿಸಾಕಿ ಹೋದ. ಸಂಜೆ ಬಂದು ತಗೊಂಡು ಹೋದ, ಅದು ಬೇರೆ ಮಾತು.

28 ದಿನದ ಆಟವೂ ಇದೇ ಜಾತಿ. ತಿಂಗಳು ಅಂತ ಜನ ಅಂದುಕೊಳ್ಳುತ್ತಾರೆ, ವರ್ಷಕ್ಕೆ 13 ಸಲ ಹಾಕಿಸಬೇಕು. 2022ರ ಜನವರಿಯಲ್ಲಿ ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್, 30 ದಿನದ ಒಂದು ಪ್ಲಾನ್, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಒಂದು ಪ್ಲಾನ್ ಇರಲೇಬೇಕು ಅಂತ ಆದೇಶ ಮಾಡಿತು. ಇವೆ. ನಾನು ಕೇಳಿದವರಿಗೆ ಹುಡುಕಿ ಕೊಡುತ್ತೇನೆ. ಪಟ್ಟಿಯಲ್ಲಿ ಕೆಳಗೆ, ಕೆಳಗೆ, ಇನ್ನೂ ಕೆಳಗೆ ಹೋಗಬೇಕು.

ಪಿಜಿ 3ನೇ ಮಹಡಿ · 5:41

ಹಾಗಾದರೆ ಬಿಎಸ್ಎನ್ಎಲ್‌ಗೆ ಹೋದರೆ ಹೇಗೆ?

ಟವರ್ ಕಾಗೆ · 5:55

ಬೆಲೆ ಕಡಿಮೆ. ಆದರೆ ದಿನದ ಕೋಟಾ ಮುಗಿದ ಮೇಲೆ ಅಲ್ಲಿ ಹಲವು ಪ್ಲಾನ್‌ಗಳಲ್ಲಿ 40 ಕೆಬಿಪಿಎಸ್. 64 ಸಾಕಾಗದವರು 40ಕ್ಕೆ ಹೋಗಿ ಏನು ಮಾಡುತ್ತೀರಿ?

ನಗು ಬರೋ ವಿಷಯ ಇನ್ನೊಂದಿದೆ. 2023ರ ಜನವರಿಯಿಂದ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅಂತ ಕರೆಯಬೇಕಾದರೆ ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ ಸರ್ಕಾರವೇ ಗೆಜೆಟ್‌ನಲ್ಲಿ ಹೇಳಿದೆ. ಅದಕ್ಕೂ ಮುಂಚೆ 512 ಕೆಬಿಪಿಎಸ್ ಇತ್ತು. ಮನೆಯ ವೈರಿನ ಇಂಟರ್ನೆಟ್‌ಗೆ, ಮಿತಿ ದಾಟಿದ ಮೇಲೂ 512ಕ್ಕಿಂತ ಕೆಳಗೆ ಇಳಿಸಬಾರದು ಅಂತ ಟ್ರಾಯ್ 2016ರಲ್ಲೇ ಹೇಳಿತ್ತು. ಆ ಮಾತು ಮೊಬೈಲಿಗೆ ಇಲ್ಲ. ವೈರಿನವರಿಗೆ ನೆಲ ಇದೆ, ನಮಗೆ ಪಾತಾಳ. ವೈರಿನಲ್ಲೂ ಅನ್‌ಲಿಮಿಟೆಡ್ ಅಂದರೆ ಅನ್‌ಲಿಮಿಟೆಡ್ ಅಲ್ಲ ಬಿಡಿ. ಜಿಯೋಫೈಬರ್‌ನಲ್ಲಿ ತಿಂಗಳಿಗೆ 3300 ಜಿಬಿ ಗಡಿ ಇದೆ. ಆದರೆ ಒಂದು ಮನೆ ಅಷ್ಟು ಮುಗಿಸಬೇಕಾದರೆ ದಿನಕ್ಕೆ 110 ಜಿಬಿ ಎಳೆಯಬೇಕು. ಹಾಗಾಗಿ ಯಾರೂ ಗಲಾಟೆ ಮಾಡಲ್ಲ. ಗಡಿ ದೂರ ಇದ್ದರೆ ಗಡಿ ಇದೆ ಅಂತಲೇ ಗೊತ್ತಾಗಲ್ಲ.

ಶಿಕಾಗೋ ರಿಟರ್ನ್ · ರಾತ್ರಿ 8:15

ಈ ಜಗಳ ಅಮೆರಿಕದಲ್ಲಿ ಹತ್ತು ವರ್ಷ ಹಿಂದೆಯೇ ಕೋರ್ಟಿಗೆ ಹೋಗಿತ್ತು. ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ಐಫೋನ್ ಬಂದ ಹೊಸದರಲ್ಲಿ ಅಲ್ಲಿನ ಮೊಬೈಲ್ ಕಂಪನಿ ಎಟಿ ಆ್ಯಂಡ್ ಟಿ ಅನ್‌ಲಿಮಿಟೆಡ್ ಡೇಟಾ ಮಾರಿತು. 2010ರಲ್ಲಿ ಹೊಸಬರಿಗೆ ನಿಲ್ಲಿಸಿತು. ಹಳಬರು ಪ್ಲಾನ್ ಬಿಡಲಿಲ್ಲ. 2011ರಿಂದ ಅವರ ವೇಗ ಕತ್ತರಿಸೋಕೆ ಶುರು ಮಾಡಿತು. 2014ರ ಅಕ್ಟೋಬರ್‌ನಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿತು. ಕನಿಷ್ಠ 35 ಲಕ್ಷ ಗ್ರಾಹಕರ ವೇಗವನ್ನು 2.5 ಕೋಟಿಗೂ ಹೆಚ್ಚು ಸಲ ಕತ್ತರಿಸಿದ್ದಾರೆ, ಕೆಲವರಿಗೆ ತಿಂಗಳಲ್ಲಿ 2 ಜಿಬಿ ಆದ ಕೂಡಲೇ ಕತ್ತರಿ ಬಿದ್ದಿದೆ ಅನ್ನೋದು ಆರೋಪ. ಐದು ವರ್ಷ ಎಳೆದು 2019ರಲ್ಲಿ ಕಂಪನಿ 6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ದುಡ್ಡು ಗ್ರಾಹಕರಿಗೆ ಹೋಯಿತು.

ನನಗೆ ಮುಖ್ಯ ಅನಿಸಿದ್ದು ದುಡ್ಡಲ್ಲ. ರಾಜಿಯ ಒಂದು ಷರತ್ತು. ವೇಗಕ್ಕೆ ಮಿತಿ ಇದ್ದರೆ ಅದನ್ನು ಜಾಹೀರಾತಿನಲ್ಲೇ ಎದ್ದು ಕಾಣುವ ಹಾಗೆ ಹೇಳಬೇಕು, ಸಣ್ಣ ಅಕ್ಷರದಲ್ಲೋ ಲಿಂಕಿನ ಹಿಂದೆಯೋ ಅಡಗಿಸಬಾರದು. ಮಿತಿ ಇಡಬೇಡಿ ಅಂತ ಕೇಳಲೇ ಇಲ್ಲ ನೋಡಿ.

ಇನ್ನೊಂದು ಕಥೆ ಕೇಳಿದರೆ ಮೈ ಜುಂ ಅನ್ನುತ್ತೆ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೆಂಡೊಸಿನೊ ಕಾಡ್ಗಿಚ್ಚು. ಬೆಂಕಿ ಆರಿಸಲು ಹೋದ ಸಾಂಟಾ ಕ್ಲಾರಾ ಕೌಂಟಿಯ ಅಗ್ನಿಶಾಮಕದವರ ಕಮಾಂಡ್ ವಾಹನದಲ್ಲಿ ವೆರೈಝಾನ್ ಸಿಮ್. ಅನ್‌ಲಿಮಿಟೆಡ್ ಪ್ಲಾನ್. ಕೋಟಾ ದಾಟಿತು ಅಂತ ವೇಗ ಇನ್ನೂರರಲ್ಲಿ ಒಂದು ಭಾಗಕ್ಕೆ ಇಳಿಯಿತು. ಬೆಂಕಿ ಉರಿಯುತ್ತಿದೆ, ಯಾವ ಗಾಡಿ ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ. ಸರಿ ಮಾಡಿ ಅಂದರೆ ದುಬಾರಿ ಪ್ಲಾನ್‌ಗೆ ಬನ್ನಿ ಅಂದರಂತೆ. ಆಮೇಲೆ ಗಲಾಟೆ ಆದಾಗ, ತುರ್ತು ಸಂದರ್ಭದಲ್ಲಿ ಮಿತಿ ತೆಗೆಯಬೇಕಿತ್ತು, ನಮ್ಮ ಕಸ್ಟಮರ್ ಸಪೋರ್ಟ್‌ನಲ್ಲಿ ತಪ್ಪಾಯಿತು ಅಂತ ಕಂಪನಿ ಒಪ್ಪಿಕೊಂಡಿತು.

ಬೈಟು ಕಾಫಿ · 8:22

ಬೆಂಕಿ ಆರಿಸೋರಿಗೇ "ಆ್ಯಪ್‌ನಲ್ಲಿದೆ ಸರ್, ಟಾಪ್‌ಅಪ್ ಹಾಕಿಸಿಕೊಳ್ಳಿ". ನಮ್ಮ ದೋಸೆ ಯಾವ ಲೆಕ್ಕ.

ಅಮ್ಮನ ಐಟಿ ವಿಭಾಗ · 8:40

ಇದು ನೆಟ್ ನ್ಯೂಟ್ರಾಲಿಟಿಗೆ, ಅಂದರೆ ಇಂಟರ್ನೆಟ್‌ನಲ್ಲಿ ಭೇದ ಮಾಡಬಾರದು ಅನ್ನೋದಕ್ಕೆ, ವಿರುದ್ಧ ಅಲ್ವಾ? ನಾವೆಲ್ಲ ಆಗ ಟ್ರಾಯ್‌ಗೆ ಮೇಲ್ ಕಳಿಸಿದ್ದೆವಲ್ಲ.

ಕರಿಕೋಟು · 9:30

ಅಲ್ಲ. 2018ರಲ್ಲಿ ಬಂದ ನಿಯಮ ಒಂದು ಸೈಟು, ಇನ್ನೊಂದು ಸೈಟು ಅಂತ ಭೇದ ಮಾಡಿ ನಿಧಾನ ಮಾಡೋದನ್ನು ತಡೆಯುತ್ತೆ. ಎಲ್ಲವನ್ನೂ ಸಮಾನವಾಗಿ ಕತ್ತು ಹಿಸುಕಿದರೆ ಅದು ಭೇದ ಅಲ್ಲ.

ವಕೀಲಿ ಮಾತು ಬಂತು, ಅದಕ್ಕೆ ಮೂಲ ಪ್ರಶ್ನೆಗೂ ಉತ್ತರ ಬರೆಯುತ್ತೇನೆ. 64 ಅಂತ ಷರತ್ತಿನಲ್ಲಿ ಬರೆದಿದ್ದರೆ, ನಿಮ್ಮ ಕೋಟಾ ನಿಜವಾಗಿಯೂ ಮುಗಿದಿದ್ದರೆ, ಕೇಸು ಕಷ್ಟ. ಸುಮ್ನೆ ಆಸೆ ಹುಟ್ಟಿಸಲ್ಲ. ಆದರೆ ಕೋಟಾ ಮುಗಿಯುವ ಮುಂಚೆಯೇ ಇಳಿಸಿದ್ದರೆ, ಅಥವಾ 5ಜಿಯಲ್ಲಿದ್ದಾಗಲೂ 2 ಜಿಬಿಯಿಂದ ಕತ್ತರಿಸಿದ್ದರೆ, ಬಿಡಬೇಡಿ.

ಟ್ರಾಯ್‌ಗೆ ನೇರವಾಗಿ ಬರೆಯೋದು ದಂಡ, ಒಬ್ಬೊಬ್ಬರ ದೂರನ್ನು ಅವರು ವಿಚಾರಣೆ ಮಾಡಲ್ಲ. ನಿಮ್ಮ ಕಂಪನಿಯ ದೂರಿನ ನಂಬರ್ 198ಕ್ಕೆ ಫೋನ್ ಮಾಡಿ, ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. ಅದಿಲ್ಲದೆ ಮುಂದೆ ಏನೂ ಇಲ್ಲ. ಸಮಾಧಾನ ಆಗದಿದ್ದರೆ ಅದೇ ಕಂಪನಿಯ ಅಪೀಲ್ ಅಧಿಕಾರಿಗೆ ಬರೆಯಬಹುದು. ದುಡ್ಡಿಲ್ಲ. 39 ದಿನದೊಳಗೆ ತೀರ್ಮಾನ ಹೇಳಬೇಕು. ಗ್ರಾಹಕರ ಸಹಾಯವಾಣಿ 1915 ಕೂಡ ಇದೆ, ಕೆಲವು ಸಲ ಅಲ್ಲಿಗೆ ಹೋದ ತಕ್ಷಣ ಕಂಪನಿಗೆ ಎಚ್ಚರ ಆಗುತ್ತೆ. ಟೆಲಿಕಾಂ ವಿಷಯ ಗ್ರಾಹಕರ ಕೋರ್ಟಿಗೆ ಬರಲ್ಲ ಅಂತ ಕಂಪನಿಗಳು ಬಹಳ ಕಾಲ ವಾದ ಮಾಡುತ್ತಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ತೆರೆಯಿತು. ಬರುತ್ತೆ ಅಂತ ಸ್ಪಷ್ಟವಾಗಿ ಹೇಳಿತು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ಆನ್‌ಲೈನ್‌ನಲ್ಲೇ ಹಾಕಬಹುದು.

ಅದಕ್ಕಿಂತ ಬೇಗ ಮುಗಿಯೋದು ನಂಬರ್ ಪೋರ್ಟ್, ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಾಯಿಸೋದು. 1900ಕ್ಕೆ ಮೆಸೇಜ್ ಕಳಿಸಿ ನೋಡಿ. ಅರ್ಧ ಗಂಟೆಯೊಳಗೆ ನಿಮ್ಮ ಕಂಪನಿಯವರೇ ಫೋನ್ ಮಾಡಿ "ಏನ್ ತೊಂದರೆ ಸರ್" ಅಂತ ಕೇಳುತ್ತಾರೆ. ಅಷ್ಟು ಪ್ರೀತಿ ಬೇರೆ ಯಾವಾಗಲೂ ಸಿಗಲ್ಲ.

2ಜಿ ಕಾಲದವ · 9:48

ಪೋರ್ಟ್ ಮಾಡಿ ಹೋಗೋದೆಲ್ಲಿಗೆ? ಅಲ್ಲೂ 64 ಅಲ್ವಾ?

ಕರಿಕೋಟು · 9:51

ಅಲ್ಲೂ 64. ಪ್ರೀತಿ ಮಾತ್ರ ಹೊಸದು.

ವಿಜಯನಗರದವ · ಬುಧವಾರ, ಸಂಜೆ 6:30

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮನೆಯಿಂದಲೇ ಕೆಲಸ, ಕರೆಂಟ್ ಇತ್ತು. ಆದರೂ ಬೇಕಂತಲೇ ವೈಫೈ ಆಫ್ ಮಾಡಿ ಒಳಗಿನ ರೂಮಿನಲ್ಲಿ ಹಾಟ್‌ಸ್ಪಾಟ್ ಹಾಕಿ ಕೂತೆ. ಟವರ್ ಕಾಗೆ ಹೇಳಿದ್ದು ಸುಳ್ಳಾಗಲಿ ಅಂತ ಒಂದು ಕೆಟ್ಟ ಆಸೆ ಇತ್ತು. ಫೋನ್ ನೋಡಿದರೆ 4ಜಿ. ಹಾಲ್‌ಗೆ ಬಂದರೂ 4ಜಿ. 10 ಗಂಟೆಗೆ 2 ಜಿಬಿ ಮುಗಿಯಿತು ಅಂತ ಮೆಸೇಜ್ ಬಂತು. ಸ್ಪೀಡ್ ಟೆಸ್ಟ್ ಹಾಕಿದೆ, 0.06 ಎಂಬಿಪಿಎಸ್, ಅಂದರೆ ಅದೇ 64. ಫೋನ್ ಹಿಡಿದುಕೊಂಡು ಹಾಗೇ ಬಾಲ್ಕನಿ ಕಡೆ ನಡೆದೆ. ಹೊಸ್ತಿಲ ಮೇಲೆ ನಿಂತಾಗ 4ಜಿ ಹೋಗಿ ಒಂದು ಕ್ಷಣ ಏನೂ ಇಲ್ಲ. ಒಂದು ಕಾಲು ಆಚೆ ಇಟ್ಟೆ. 5ಜಿ. ಟೆಸ್ಟ್ ಮಾಡಿದರೆ 212 ಎಂಬಿಪಿಎಸ್! ವಾಪಸ್ ಒಳಗೆ ಬಂದೆ, 0.06. ಮೂರು ಸಲ ಒಳಗೆ ಹೊರಗೆ ಮಾಡಿದೆ. ಹೆಂಡತಿ ಅಡುಗೆಮನೆಯಿಂದ "ಏನು ಪ್ರದಕ್ಷಿಣೆ?" ಅಂದಳು.

ಸರಿ, ಲೆಕ್ಕ ಅರ್ಥ ಆಯಿತು. 2ಜಿ ಕಾಲದವರು ಹೇಳಿದ್ದೂ ಅರ್ಥ ಆಯಿತು, ಬೆಲೆ ಇಳಿದಿರೋದು ನಿಜ. ಮಿತಿ ಬೇಡ ಅಂತ ನಾನೂ ಹೇಳುತ್ತಿಲ್ಲ. "ದಿನಕ್ಕೆ 2 ಜಿಬಿ, ಮನೆಯೊಳಗೆ 5ಜಿ ಸಿಗದಿದ್ದರೆ ಅಷ್ಟೇ" ಅಂತ ಬರೆದಿದ್ದರೆ ನಾನು ಮಂಗಳವಾರ ಆ ರೂಮಿನಲ್ಲಿ ಕೂರುತ್ತಲೇ ಇರಲಿಲ್ಲ. ಮೇಲೆ ಶಿಕಾಗೋದವರು ಬರೆದ ಷರತ್ತು ಇದೆಯಲ್ಲ, ನನಗೆ ಬೇಕಿರೋದು ಅಷ್ಟೇ.

ನಿನ್ನೆ ರಾತ್ರಿ 198ಕ್ಕೆ ದೂರು ಕೊಟ್ಟಿದ್ದೆ. ಇವತ್ತು ಮಧ್ಯಾಹ್ನ ಮೆಸೇಜ್ ಬಂತು, "ನಿಮ್ಮ ದೂರನ್ನು ಪರಿಹರಿಸಲಾಗಿದೆ". ಯಾರೂ ಫೋನ್ ಮಾಡಿಲ್ಲ, ಏನೂ ಕೇಳಿಲ್ಲ. ಅಪೀಲ್ ಹಾಕಿದ್ದೇನೆ. "ಪೋಸ್ಟರಿನಲ್ಲಿ 4ಜಿಯ ಮಿತಿಯನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಿರಿ" ಅಂತ ಒಂದೇ ಸಾಲು. ಕರಿಕೋಟು ಅವರು ನಗುತ್ತಾರೆ ಅಂತ ಗೊತ್ತು.

ಕರಿಕೋಟು · 6:44

ನಗಲಿಲ್ಲ. ಡಾಕೆಟ್ ನಂಬರ್ ಇಟ್ಟುಕೊಂಡಿರಿ.

ಎರಡು ಚಕ್ರ · 6:58

ಬಾಲ್ಕನಿ ಇರೋರ ಕಥೆ ಚೆನ್ನಾಗಿದೆ ಸರ್. ನಾನು ದಿನಾ ಹೊರಗೇ ಇರುತ್ತೇನೆ. 5ಜಿ ಫೋನ್ ತಗೊಂಡರೆ ಸರಿಹೋಗುತ್ತಾ?

ಟವರ್ ಕಾಗೆ · 7:15

ನಿಮಗೆ ನಿಜವಾಗಿ ಸರಿಹೋಗುತ್ತೆ. ರಸ್ತೆ ಮೇಲೆ ಇರೋರಿಗೇ ಅದು ಹೆಚ್ಚು ಕೆಲಸಕ್ಕೆ ಬರೋದು. ಆದರೆ 2 ಜಿಬಿ ಪ್ಲಾನ್ ಹಾಕಿಸಬೇಕು, 1.5ರದ್ದು ಸಾಲದು. ಸಾಲ ಮಾಡಿ ಫೋನ್ ತಗೋಬೇಡಿ. ಸದ್ಯಕ್ಕೆ ಮಗನ ಕಾರ್ಟೂನ್ ಆ್ಯಪ್‌ನಲ್ಲಿ ಕ್ವಾಲಿಟಿ 360ಕ್ಕೆ ಇಳಿಸಿಡಿ. ಅವನಿಗೆ ಗೊತ್ತಾಗಲ್ಲ, ಡೇಟಾ ಎಷ್ಟೋ ಉಳಿಯುತ್ತೆ. ಮೆಸೇಜ್ ಮಾಡಿ, ಎಲ್ಲಿ ಒತ್ತಬೇಕು ಅಂತ ಫೋಟೋ ಕಳಿಸುತ್ತೇನೆ.

ಎರಡು ಚಕ್ರ · 7:16

ಕಳಿಸಿ ಸರ್. ಹನ್ನೆರಡು ಗಂಟೆ ಮೇಲೆ ಕಳಿಸಿ, ಈಗ 64.

ವಿಜಯನಗರದವ · ಗುರುವಾರ, ಬೆಳಗ್ಗೆ 10:40

ಇವತ್ತು ಮತ್ತೆ ಕರೆಂಟ್ ಇಲ್ಲ. ಈ ಸಲ ಬುದ್ಧಿ ಉಪಯೋಗಿಸಿದೆ. ಬಾಲ್ಕನಿಯಲ್ಲಿ ತುಳಸಿ ಕುಂಡ ಪಕ್ಕಕ್ಕೆ ಸರಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗಿಗೆ ಕೂತೆ. ವೇಗ ಅದ್ಭುತ. ತರಕಾರಿ ಗಾಡಿಯವನ "ಸೊಪ್ಪೂ" ಆಫೀಸಿನ ಎಲ್ಲರಿಗೂ ಎಚ್‌ಡಿಯಲ್ಲಿ ಕೇಳಿಸಿದೆ. ಎದುರು ಮನೆಯ ಅಂಕಲ್ ಪೇಪರ್ ಇಳಿಸಿ ಅರ್ಧ ಗಂಟೆ ನನ್ನನ್ನೇ ನೋಡಿದರು. ಕೊನೆಗೆ ತಡೆಯಲಾರದೆ ಕೂಗಿ ಕೇಳಿದರು, "ಏನ್ ಸಾರ್, ಮನೇಲಿ ಜಗಳಾನಾ?"